ಯಾರೂ ಓದದ ಪುಟಗಳ ಶಿಫಾರಸು: ಜೆ.ಸಿ. ಪೆನ್ನಿ ಪ್ರಕರಣದ ಅಧ್ಯಯನ

2010ರ ಕೊನೆಯ ತಿಂಗಳುಗಳಲ್ಲಿ ಅಮೆರಿಕದಲ್ಲಿ ಕುಳಿತು ಗೂಗಲ್‌ನಲ್ಲಿ ‘ಡ್ರೆಸಸ್’ ಎಂದು ಹುಡುಕಿದವರಿಗೆ ಎಲ್ಲಕ್ಕಿಂತ ಮೇಲೆ ಕಾಣಿಸುತ್ತಿದ್ದುದು ಜೆ.ಸಿ. ಪೆನ್ನಿ ಎಂಬ ಮಳಿಗೆ ಸಮೂಹದ ಜಾಲತಾಣ. ಹಾಸಿಗೆಯ ಬಟ್ಟೆ ಹುಡುಕಿದರೂ ಅದೇ, ನೆಲಹಾಸು ಹುಡುಕಿದರೂ ಅದೇ. ಸ್ಕಿನ್ನಿ ಜೀನ್ಸ್, ಮನೆಯ ಅಲಂಕಾರ ಸಾಮಗ್ರಿ, ಮೇಜುಬಟ್ಟೆ ಎಂದು ಏನನ್ನು ಕೇಳಿದರೂ ಮೊದಲ ಸ್ಥಾನದಲ್ಲಿ ಇಲ್ಲವೇ ಅದರ ಆಸುಪಾಸಿನಲ್ಲಿ ಅದೇ ಹೆಸರು. ಸ್ಯಾಮ್ಸನೈಟ್ ಕಂಪನಿಯ ಕೈಪೆಟ್ಟಿಗೆ ಬೇಕೆಂದು ಆ ಕಂಪನಿಯ ಹೆಸರು ಹಿಡಿದೇ ಹುಡುಕಿದವರಿಗೂ ಸ್ಯಾಮ್ಸನೈಟ್‌ನ ಸ್ವಂತ ತಾಣಕ್ಕಿಂತ ಮೊದಲು ಪೆನ್ನಿಯ ಪುಟವೇ ಸಿಗುತ್ತಿತ್ತು. ಹಬ್ಬದ ಖರೀದಿ ಜೋರಾಗಿರುವ ಆ ಋತುವಿನುದ್ದಕ್ಕೂ ಈ ಸ್ಥಿತಿ ಮುಂದುವರಿಯಿತು. 1,100ಕ್ಕೂ ಹೆಚ್ಚು ಮಳಿಗೆಗಳಿದ್ದ ದೊಡ್ಡ ಸಂಸ್ಥೆ ಮೇಲೆ ಬರುವುದು ಸಹಜವೇ ಎಂದು ಮೊದಲ ನೋಟಕ್ಕೆ ಅನ್ನಿಸಬಹುದು. ಆದರೆ ಪೆಟ್ಟಿಗೆಯನ್ನು ತಯಾರಿಸುವವರನ್ನೇ ಹಿಂದಿಕ್ಕಿ ಅದನ್ನು ಮಾರುವವರು ಮೇಲೇರಿದ್ದು ಹೇಗೆ ಎಂಬ ಪ್ರಶ್ನೆ ಏಳುವುದೂ ಅಷ್ಟೇ ಸಹಜ. ಪೆನ್ನಿಯ ಒಳಗೆ ಅಂಥ ಪ್ರಶ್ನೆಯನ್ನು ಕೇಳಿ ಉತ್ತರ ಹುಡುಕಿದ ಲಕ್ಷಣ ಕಾಣುವುದಿಲ್ಲ. ಕೇಳಿದ್ದು ದಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ.

ಹೊಸದಾಗಿ ಜಾಲತಾಣ ಕಟ್ಟಿದವರಿಗೆ ಇಷ್ಟು ದೊಡ್ಡ ಕಂಪನಿಯ ಹಳೆಯ ಪ್ರಕರಣದಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ತಾಣ ತೆರೆದ ಕೆಲವೇ ವಾರಗಳಲ್ಲಿ ‘ಇಷ್ಟು ಬ್ಯಾಕ್‌ಲಿಂಕ್ ಕೊಡಿಸುತ್ತೇವೆ, ನಿಮ್ಮನ್ನು ಮೊದಲ ಪುಟಕ್ಕೆ ತರುತ್ತೇವೆ’ ಎಂಬ ಇಮೇಲ್ ಬಾರದವರು ವಿರಳ. ಬ್ಯಾಕ್‌ಲಿಂಕ್ ಎಂದರೆ ಬೇರೆ ತಾಣದ ಪುಟದಿಂದ ನಮ್ಮ ಪುಟಕ್ಕೆ ಕರೆತರುವ ಕೊಂಡಿ (ಲಿಂಕ್). ಆ ಇಮೇಲ್ ಮಾರುವ ಸರಕು ಪೆನ್ನಿಯ ಪ್ರಕರಣದಲ್ಲಿ ಕಂಡ ಸರಕೇ, ಪ್ರಮಾಣ ಮಾತ್ರ ಚಿಕ್ಕದು. ಚಿಕ್ಕ ತಾಣದಲ್ಲಿ ಇಂಥದ್ದು ನಡೆದರೆ ಯಾರ ಗಮನಕ್ಕೂ ಬಾರದೆ ಮುಗಿದುಹೋಗುತ್ತದೆ. ಇಲ್ಲಿ ಮಾತ್ರ ದಿನ, ಗಂಟೆ, ಪುಟಗಳ ಎಣಿಕೆಯ ಸಮೇತ ಎಲ್ಲವೂ ದಾಖಲಾಗಿ ಉಳಿದಿರುವುದರಿಂದ, ಕೊಂಡಿಗಳ ಲೆಕ್ಕಾಚಾರವನ್ನು ಕಲಿಯುವವರಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಂಡಿಲ್ಲ.

ಪ್ರಕರಣಕ್ಕೆ ಇಳಿಯುವ ಮುನ್ನ, ಒಂದು ಕೊಂಡಿಗೆ ಇಷ್ಟು ಬೆಲೆ ಬಂದದ್ದು ಯಾಕೆ ಎಂಬುದನ್ನು ತಿಳಿದಿರಬೇಕು. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳಾಗಿದ್ದ ಸೆರ್ಗೈ ಬ್ರಿನ್ ಮತ್ತು ಲ್ಯಾರಿ ಪೇಜ್ ತಮ್ಮ ಹುಡುಕಾಟ ಯಂತ್ರವನ್ನು ವಿವರಿಸಿ ಪ್ರಕಟಿಸಿದ ಪ್ರಬಂಧದಲ್ಲಿ ಎರಡು ವಿಚಾರಗಳಿದ್ದವು. ಮೊದಲನೆಯದು ಪೇಜ್‌ರ‍್ಯಾಂಕ್. ಒಂದು ಪುಟ ಇನ್ನೊಂದು ಪುಟಕ್ಕೆ ಕೊಂಡಿ ಕೊಟ್ಟರೆ ಅದನ್ನು ಒಂದು ಶಿಫಾರಸು ಎಂದು ಎಣಿಸುವುದು. ಆದರೆ ಎಲ್ಲ ಶಿಫಾರಸುಗಳನ್ನೂ ಒಂದೇ ತೂಕದಲ್ಲಿ ಅಳೆಯದೆ, ಶಿಫಾರಸು ಮಾಡಿದ ಪುಟಕ್ಕೆ ಎಷ್ಟು ಗೌರವವಿದೆ ಎಂಬುದನ್ನೂ, ಆ ಪುಟ ತನ್ನ ಗೌರವವನ್ನು ಎಷ್ಟು ಕೊಂಡಿಗಳಿಗೆ ಹಂಚಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುವುದು. ಎರಡನೆಯದು ಆಂಕರ್ ಟೆಕ್ಸ್ಟ್, ಅಂದರೆ ಓದುಗರು ಒತ್ತುವ ಕೊಂಡಿಯ ಪದಗಳು. ಒಂದು ಪುಟ ತನ್ನ ಬಗ್ಗೆ ತಾನು ಏನು ಹೇಳಿಕೊಳ್ಳುತ್ತದೆ ಎಂಬುದಕ್ಕಿಂತ ಬೇರೆಯವರು ಅದನ್ನು ಯಾವ ಮಾತಿನಿಂದ ಕರೆಯುತ್ತಾರೆ ಎಂಬುದು ಎಷ್ಟೋ ಸಲ ಹೆಚ್ಚು ನಿಖರವಾಗಿರುತ್ತದೆ ಎಂದು ಕಂಡುಕೊಂಡ ಅವರು, ಆ ಪದಗಳನ್ನು ಅವು ಇರುವ ಪುಟದ ಜೊತೆಗೆ ಅವು ಕರೆದೊಯ್ಯುವ ಪುಟದ ಲೆಕ್ಕಕ್ಕೂ ಸೇರಿಸಿದರು. ಎರಡೂ ಉತ್ತಮ ವಿಚಾರಗಳೇ. ಆದರೆ ಕೊಂಡಿ ಹಾಕಿದವರು ಮನಸಾರೆ ಹಾಕಿದ್ದಾರೆ ಎಂಬ ನಂಬಿಕೆಯ ಮೇಲೆ ಎರಡೂ ನಿಂತಿವೆ. ಆ ನಂಬಿಕೆಯನ್ನು ದುಡ್ಡಿಗೆ ಮಾರಲು ಸಾಧ್ಯವಾದಾಗ ಏನಾಗುತ್ತದೆ ಎಂಬುದೇ ಮುಂದಿನ ಕಥೆ.

2,015 ಪುಟಗಳು

ಪತ್ರಿಕೆಯ ವರದಿಗಾರ ಡೇವಿಡ್ ಸೀಗಲ್ ಆನ್‌ಲೈನ್ ಮಾರುಕಟ್ಟೆಯ ಪರಿಣತರೊಬ್ಬರನ್ನು ಸಂಪರ್ಕಿಸಿ, ಪೆನ್ನಿಯ ತಾಣಕ್ಕೆ ಎಲ್ಲೆಲ್ಲಿಂದ ಕೊಂಡಿಗಳು ಬರುತ್ತಿವೆ ಎಂದು ಪರೀಕ್ಷಿಸುವಂತೆ ಕೇಳಿದರು. ಉಡುಪಿಗೆ ಸಂಬಂಧಿಸಿದ ಕೆಲವು ಪದಗುಚ್ಛಗಳನ್ನಷ್ಟೇ ಹಿಡಿದು ಹೊರಟಾಗಲೇ, ಅವುಗಳನ್ನು ಕೊಂಡಿಯಾಗಿ ಹೊತ್ತಿದ್ದ 2,015 ಪುಟಗಳು ಸಿಕ್ಕವು. ಎಲ್ಲಿ ಒತ್ತಿದರೂ ತಲುಪುತ್ತಿದ್ದುದು ಪೆನ್ನಿಯ ಉಡುಪುಗಳ ಮುಖ್ಯ ಪುಟವನ್ನು.

ಈ ಕೊಂಡಿಗಳು ಇದ್ದದ್ದು ಎಲ್ಲಿ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ತಾಣದ ವಿಳಾಸದಲ್ಲಿ ಪರಮಾಣು ಎಂಜಿನಿಯರಿಂಗ್‌ನ ಹೆಸರಿತ್ತು. ಇನ್ನೊಂದು ಜೂಜುಕಟ್ಟೆಗಳಿಗೆ ಸಂಬಂಧಿಸಿದ್ದು. ಮತ್ತೊಂದು ಬಲ್ಗೇರಿಯಾದ ಆಸ್ತಿ ಮಾರಾಟದ್ದು. ಬ್ಯಾಂಕುಗಳ ಪಟ್ಟಿಯ ಹೆಸರಿನದೂ ಒಂದಿತ್ತು. ಇಂಥ ಪುಟಗಳಲ್ಲಿ ಸಂಜೆಯ ಉಡುಪು, ಕಾಕ್‌ಟೇಲ್ ಉಡುಪು ಎಂಬ ಪದಗಳು ಸುತ್ತಲಿನ ಯಾವ ಮಾತಿಗೂ ಸಂಬಂಧವಿಲ್ಲದೆ ಅಂಟಿಕೊಂಡಿದ್ದವು. ಅವುಗಳಲ್ಲಿ ಎಷ್ಟೋ ತಾಣಗಳು ಪಾಳುಬಿದ್ದಂತಿದ್ದು, ಕೊಂಡಿಗಳನ್ನು ಹೊತ್ತು ನಿಂತಿರುವುದರ ಹೊರತು ಬೇರೆ ಕೆಲಸವೇ ಇಲ್ಲದಂತೆ ಕಾಣುತ್ತಿದ್ದವು. ಪರಮಾಣು ವಿಜ್ಞಾನದ ಪುಟ ಓದುತ್ತಾ ಕುಳಿತ ಒಬ್ಬ ಮನುಷ್ಯ ಅಲ್ಲಿಂದ ಉಡುಪು ಕೊಳ್ಳಲು ಹೊರಡುತ್ತಾನೆ ಎಂದು ಯಾರೂ ನಿರೀಕ್ಷಿಸಿರಲಿಲ್ಲ. ಆ ಕೊಂಡಿಗಳನ್ನು ಹಾಕಿದ್ದು ಮನುಷ್ಯರಿಗಾಗಿ ಅಲ್ಲ, ಪುಟದಿಂದ ಪುಟಕ್ಕೆ ಕೊಂಡಿ ಎಣಿಸುತ್ತಾ ಹೋಗುವ ಯಂತ್ರಕ್ಕಾಗಿ.

ಹೊಸಬರು ಇಲ್ಲಿ ಎರಡು ಗುರುತುಗಳನ್ನು ಗಮನಿಸಬೇಕು. ಮೊದಲನೆಯದು, ವಿಷಯಕ್ಕೂ ಕೊಂಡಿಗೂ ನಂಟೇ ಇಲ್ಲದಿರುವುದು. ಇದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದು ಅಷ್ಟು ಬೇಗ ಕಾಣದಿದ್ದರೂ ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದದ್ದು: ಕೊಂಡಿಯ ಪದಗಳ ಅಚ್ಚುಕಟ್ಟು. ಸಾಮಾನ್ಯ ಜನ ಒಂದು ಪುಟಕ್ಕೆ ಕೊಂಡಿ ಹಾಕುವಾಗ ‘ಇಲ್ಲಿ ನೋಡಿ’ ಎಂದು ಬರೆಯುತ್ತಾರೆ, ತಾಣದ ಹೆಸರು ಬರೆಯುತ್ತಾರೆ, ಬರೀ ವಿಳಾಸವನ್ನು ಅಂಟಿಸುತ್ತಾರೆ, ತಮ್ಮ ವಾಕ್ಯದ ನಡುವೆ ಬಂದ ಯಾವುದೋ ನಾಲ್ಕು ಪದಗಳಿಗೆ ಕೊಂಡಿ ಸಿಕ್ಕಿಸುತ್ತಾರೆ. ನೂರು ಜನ ನೂರು ರೀತಿ ಹಾಕುತ್ತಾರೆ. ಪರಸ್ಪರ ಪರಿಚಯವಿಲ್ಲದ ಸಾವಿರಾರು ಪುಟಗಳು ಜನ ಹುಡುಕಾಟದಲ್ಲಿ ಬಳಸುವ ಪದಗುಚ್ಛವನ್ನೇ ಚಾಚೂ ತಪ್ಪದೆ ಕೊಂಡಿಯಾಗಿಸಿವೆ ಎಂದರೆ ಆ ಎಲ್ಲ ಪುಟಗಳ ಹಿಂದೆ ಒಂದೇ ಕೈ ಇದೆ ಎಂದೇ ಅರ್ಥ. ತಾಣಗಳ ಹೆಸರನ್ನು ಮುಚ್ಚಿಟ್ಟು ಕೊಂಡಿಯ ಪದಗಳ ಪಟ್ಟಿಯನ್ನಷ್ಟೇ ಓದಿದರೂ ಆ ಕೈ ಕಾಣುತ್ತದೆ.

ಎರಡು ಗಂಟೆಗಳ ಅವಧಿ

ಪತ್ರಿಕೆ ತನ್ನ ಸಾಕ್ಷ್ಯವನ್ನು ಗೂಗಲ್‌ನ ಮುಂದಿಟ್ಟಿತು. ವೆಬ್‌ಸ್ಪ್ಯಾಮ್ (ಹುಡುಕಾಟದಲ್ಲಿ ಮೇಲೇರಲು ಮಾಡುವ ಮೋಸ) ತಡೆಯುವ ತಂಡದ ಮುಖ್ಯಸ್ಥರಾಗಿದ್ದ ಮ್ಯಾಟ್ ಕಟ್ಸ್ ಇದು ತಮ್ಮ ನಿಯಮಗಳ ಉಲ್ಲಂಘನೆ ಎಂದು ಒಪ್ಪಿಕೊಂಡರು. 2011ರ ಫೆಬ್ರುವರಿ 9, ಬುಧವಾರ ಸಂಜೆ 7 ಗಂಟೆಗೆ ಸ್ಯಾಮ್ಸನೈಟ್ ಕೈಪೆಟ್ಟಿಗೆಯ ಹುಡುಕಾಟದಲ್ಲಿ ಪೆನ್ನಿ ಇನ್ನೂ ಮೊದಲ ಸ್ಥಾನದಲ್ಲಿತ್ತು. ರಾತ್ರಿ 9ಕ್ಕೆ ನೋಡಿದಾಗ 71ನೇ ಸ್ಥಾನ. ಹಜಾರದ ಪೀಠೋಪಕರಣಗಳ ಹುಡುಕಾಟದಲ್ಲಿ ಅದೇ ಎರಡು ಗಂಟೆಗಳಲ್ಲಿ 1ರಿಂದ 68ಕ್ಕೆ ಇಳಿದಿತ್ತು. ವರದಿ ಪ್ರಕಟವಾದದ್ದು ಫೆಬ್ರುವರಿ 12ರಂದು.

ಇದೊಂದು ಗುಂಡಿ ಒತ್ತಿದ್ದರಿಂದಲೇ ಆದ ಕುಸಿತವಲ್ಲ. ಪತ್ರಿಕೆ 59 ಹುಡುಕಾಟ ಪದಗಳನ್ನು ಹಿಡಿದು ಪೆನ್ನಿಯ ಸರಾಸರಿ ಸ್ಥಾನವನ್ನು ಲೆಕ್ಕ ಹಾಕಿತ್ತು. ಫೆಬ್ರುವರಿ 1ರಂದು ಅದು 1.3. ಗೂಗಲ್‌ನ ಅಲ್ಗಾರಿದಮ್‌ನಲ್ಲಿ, ಅಂದರೆ ಪುಟಗಳ ಸ್ಥಾನವನ್ನು ನಿರ್ಧರಿಸುವ ಲೆಕ್ಕಸೂತ್ರದಲ್ಲಿ, ಆ ದಿನಗಳಲ್ಲೇ ಒಂದು ಬದಲಾವಣೆ ಜಾರಿಯಾಗುತ್ತಿದ್ದು, ಫೆಬ್ರುವರಿ 8ರ ಹೊತ್ತಿಗೆ ಸರಾಸರಿ 4ಕ್ಕೆ ಇಳಿದಿತ್ತು. ಆಮೇಲೆ ಮನುಷ್ಯರೇ ಕೈಹಾಕಿ ಕ್ರಮ ಕೈಗೊಂಡ ಮೇಲೆ, ಫೆಬ್ರುವರಿ 10ರಂದು 52. ಈ ಎರಡರ ವ್ಯತ್ಯಾಸ ಹೊಸಬರಿಗೆ ತಿಳಿದಿರಲೇಬೇಕು. ಅಲ್ಗಾರಿದಮ್ ತನ್ನ ಲೆಕ್ಕವನ್ನು ತಿದ್ದಿಕೊಂಡು ಪುಟವನ್ನು ಇಳಿಸಿದರೆ ಯಾರಿಂದಲೂ ಸೂಚನೆ ಬರುವುದಿಲ್ಲ. ಪರಿಶೀಲಕರು ಕ್ರಮ ಕೈಗೊಂಡರೆ ಅದು ತಾಣದ ಮಾಲೀಕರ ಖಾತೆಯಲ್ಲಿ ದಾಖಲಾಗುತ್ತದೆ, ತಪ್ಪು ತಿದ್ದಿಕೊಂಡು ಮರುಪರಿಶೀಲನೆ ಕೇಳುವ ದಾರಿಯೂ ಇರುತ್ತದೆ. ತಾಣಕ್ಕೆ ಬರುವವರ ದಟ್ಟಣೆ ಕುಸಿದಾಗಲೆಲ್ಲ ತಮಗೆ ದಂಡ ಬಿದ್ದಿದೆ ಎಂದು ಭಾವಿಸಿ ಗಾಬರಿಯಾಗುವ ಹೊಸಬರಲ್ಲಿ ಬಹುಪಾಲು ಜನರಿಗೆ ಅಂಥ ಯಾವ ದಂಡವೂ ಬಿದ್ದಿರುವುದಿಲ್ಲ.

ಇಲ್ಲಿ ಇನ್ನೊಂದು ಸಂಗತಿ ಗಮನಾರ್ಹ. ಪೆನ್ನಿ ಗೂಗಲ್‌ನ ದೊಡ್ಡ ಜಾಹೀರಾತುದಾರರಲ್ಲಿ ಒಂದಾಗಿತ್ತು; ಹುಡುಕಾಟದ ಜಾಹೀರಾತಿಗೆಂದೇ ಅದು ತಿಂಗಳಿಗೆ 24 ಲಕ್ಷ ಡಾಲರ್‌ಗೂ ಹೆಚ್ಚು ಖರ್ಚು ಮಾಡುತ್ತಿತ್ತು ಎಂದು ಅದಕ್ಕೆ ಹಿಂದಿನ ವರ್ಷ ಹೊರಬಂದಿದ್ದ ದಾಖಲೆಯೊಂದು ಹೇಳಿತ್ತು. ಅಷ್ಟು ದುಡ್ಡು ಸುರಿದವರೂ 71ಕ್ಕೆ ಇಳಿದರು. ಜಾಹೀರಾತು ಕೊಟ್ಟರೆ ಸಹಜ ಫಲಿತಾಂಶದಲ್ಲೂ (ಜಾಹೀರಾತಲ್ಲದ ಫಲಿತಾಂಶದಲ್ಲೂ) ಮೇಲೆ ಬರುತ್ತೇವೆ ಎಂಬ ನಂಬಿಕೆ ಇಂದಿಗೂ ಚಾಲ್ತಿಯಲ್ಲಿದೆ. ಅದನ್ನು ಕೈಬಿಡಲು ಈ ಒಂದು ಅಂಕಿ ಸಾಕು.

‘ನಮಗೆ ತಿಳಿದಿರಲಿಲ್ಲ’

ಈ ಕೊಂಡಿಗಳನ್ನು ತಾನು ಹಾಕಿಸಿಲ್ಲ, ಅವುಗಳಿಗೆ ಅನುಮತಿಯನ್ನೂ ಕೊಟ್ಟಿಲ್ಲ ಎಂದು ಪೆನ್ನಿ ಹೇಳಿತು. ಎಸ್‌ಇಒ (ಹುಡುಕಾಟದಲ್ಲಿ ತಾಣವನ್ನು ಮೇಲೆ ತರುವ) ಕೆಲಸ ನೋಡಿಕೊಳ್ಳುತ್ತಿದ್ದ ಸಲಹಾ ಸಂಸ್ಥೆಯನ್ನು ಕೈಬಿಟ್ಟಿತು. ಕೊಂಡಿಗಳನ್ನು ತೆಗೆಸುವ ಕೆಲಸಕ್ಕೆ ಇಳಿಯಿತು. ದುಡ್ಡು ಕೊಟ್ಟವರು ಯಾರು ಎಂಬುದು ಸಾರ್ವಜನಿಕವಾಗಿ ಇತ್ಯರ್ಥವಾಗಲಿಲ್ಲ, ಆದ್ದರಿಂದ ಆ ಬಗ್ಗೆ ತೀರ್ಪು ಕೊಡುವುದು ಸಲ್ಲದು. ಆದರೆ ‘ತಿಳಿದಿರಲಿಲ್ಲ’ ಎಂಬ ಮಾತನ್ನು ಹಾಗೆಯೇ ಒಪ್ಪಿಕೊಂಡರೂ ಪ್ರಶ್ನೆ ಮುಗಿಯುವುದಿಲ್ಲ. ತಿಳಿದುಕೊಳ್ಳಬಹುದಿತ್ತೇ ಎಂಬುದು ಉಳಿಯುತ್ತದೆ.

ಖಂಡಿತವಾಗಿ ತಿಳಿದುಕೊಳ್ಳಬಹುದಿತ್ತು. ಗೂಗಲ್ ಆ ಹೊತ್ತಿಗೆ ವೆಬ್‌ಮಾಸ್ಟರ್ ಟೂಲ್ಸ್ ಎಂಬ ಹೆಸರಿನಲ್ಲಿ ತಾಣದ ಮಾಲೀಕರಿಗೆ ಉಚಿತವಾಗಿ ಒದಗಿಸುತ್ತಿದ್ದ ಸಲಕರಣೆಯಲ್ಲಿ (2015ರಿಂದ ಇದರ ಹೆಸರು ಸರ್ಚ್ ಕನ್ಸೋಲ್) ಯಾವ ಯಾವ ತಾಣಗಳು ತಮಗೆ ಕೊಂಡಿ ಕೊಟ್ಟಿವೆ, ಯಾವ ಪದಗಳಲ್ಲಿ ಕೊಟ್ಟಿವೆ ಎಂಬುದರ ಪಟ್ಟಿ ಕಾಣುತ್ತಿತ್ತು. ಹೊರಗಿನ ಪರಿಣತರೊಬ್ಬರಿಗೆ ಸಿಕ್ಕ 2,015 ಪುಟಗಳ ಸುಳಿವು ಒಳಗಿನವರಿಗೆ ಸಿಗದೆ ಹೋಗಲು ಕಾರಣವೇ ಇರಲಿಲ್ಲ, ಒಮ್ಮೆ ಆ ಪಟ್ಟಿಯನ್ನು ತೆರೆದು ಓದಿದ್ದರೆ. ಇದಲ್ಲದೆ, ಪೆನ್ನಿಯ ತಾಣಕ್ಕೆ ಸಂಬಂಧಿಸಿದ ಉಲ್ಲಂಘನೆಗಳನ್ನು ಗೂಗಲ್ ಅದಕ್ಕೂ ಮೊದಲು ಮೂರು ಬಾರಿ, ಕೊನೆಯದಾಗಿ 2010ರ ನವೆಂಬರ್‌ನಲ್ಲಿ, ಪತ್ತೆಹಚ್ಚಿ ಕ್ರಮ ಕೈಗೊಂಡಿತ್ತು. ಆದರೆ ಆಮೇಲೆ ತಿರುಗಿ ಬಂದು ನೋಡಿರಲಿಲ್ಲ ಎಂದು ಕಟ್ಸ್ ಒಪ್ಪಿಕೊಂಡರು. ಹಾಗಾಗಿ ಈ ಪ್ರಕರಣದಲ್ಲಿ ಕಣ್ಣುಮುಚ್ಚಿ ಕುಳಿತವರು ಒಬ್ಬರೇ ಅಲ್ಲ.

ಬರುತ್ತಿದ್ದ ಫಲ ಸಿಹಿಯಾಗಿದ್ದಾಗ ಅದರ ಬೇರನ್ನು ಅಗೆದು ನೋಡುವವರು ಕಡಿಮೆ ಎಂಬುದನ್ನು ಒಪ್ಪಿಕೊಳ್ಳೋಣ. ಮೊದಲ ಫಲಿತಾಂಶಕ್ಕೆ ಒಟ್ಟು ಕ್ಲಿಕ್ಕುಗಳ ಸುಮಾರು 34 ಶೇಕಡಾ, ಎರಡನೆಯದಕ್ಕೆ ಹೆಚ್ಚುಕಡಿಮೆ ಅದರ ಅರ್ಧ ಹೋಗುತ್ತದೆ ಎಂಬ ಅಂದಾಜನ್ನು ಅದೇ ವರದಿ ಉಲ್ಲೇಖಿಸಿತ್ತು. ಅಷ್ಟು ದಟ್ಟಣೆ ಬರುತ್ತಿರುವಾಗ ಅನುಮಾನಪಡಲು ಯಾರಿಗೂ ಮನಸ್ಸಾಗದು. ಹೊಸ ತಾಣದ ಮಾಲೀಕರ ಸ್ಥಿತಿಯೂ ಇದೇ: ಕೆಲಸ ವಹಿಸಿಕೊಂಡವರು ತಿಂಗಳ ಕೊನೆಗೆ ಕಳಿಸುವ ವರದಿಯಲ್ಲಿ ‘ಇಷ್ಟು ಹೊಸ ಕೊಂಡಿಗಳು’ ಎಂಬ ಸಂಖ್ಯೆ ಏರುತ್ತಿದ್ದರೆ ತೃಪ್ತಿಯಾಗುತ್ತದೆ, ಆ ಕೊಂಡಿಗಳಿರುವ ಪುಟಗಳನ್ನು ಒಂದೊಂದಾಗಿ ತೆರೆದು ಓದಬೇಕು ಎಂದು ಅನ್ನಿಸುವುದಿಲ್ಲ. ದಯವಿಟ್ಟು ತೆರೆದು ಓದಿ. ಹತ್ತು ಪುಟ ಓದಿದರೆ ಸಾಕು. ಆ ಪುಟವನ್ನು ಒಬ್ಬ ಮನುಷ್ಯ ಬರೆದಿದ್ದಾನೆಯೇ, ಇನ್ನೊಬ್ಬ ಮನುಷ್ಯ ಓದುತ್ತಾನೆಯೇ, ನಿಮ್ಮ ಕೊಂಡಿ ಅಲ್ಲಿ ಆ ಓದುಗನಿಗೆ ಉಪಯೋಗಕ್ಕೆ ಬರುತ್ತದೆಯೇ ಎಂಬುದು ಓದುತ್ತಿದ್ದಂತೆಯೇ ತಿಳಿದುಬಿಡುತ್ತದೆ. ಮೊದಲ ಸ್ಥಾನವನ್ನು ಯಾರೂ ಖಾತರಿಯಾಗಿ ಕೊಡಿಸಲಾರರು ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಬರೆದಿದೆ. ಖಾತರಿ ಕೊಡುವ ಇಮೇಲ್ ಬಂದಾಗ ಇದನ್ನೂ ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ಸರಿಯಾದ ಕೊಂಡಿ ಹೇಗಿರುತ್ತದೆ? ಸೈಕಲ್ ರಿಪೇರಿಯ ಬಗ್ಗೆ ಒಬ್ಬರು ಹೊಸ ತಾಣ ಮಾಡಿದ್ದಾರೆ ಎಂದುಕೊಳ್ಳೋಣ. ಅವರು ‘ಉತ್ತಮ ಸೈಕಲ್ ಚೈನ್’ ಎಂಬ ಪದಗುಚ್ಛವನ್ನು ಹದಿನೈದು ಬಾರಿ ತುರುಕಿದ ಪುಟದ ಬದಲು, ಚೈನ್ ಎಷ್ಟು ಸವೆದಿದೆ ಎಂದು ಬರೀ ಅಳತೆಪಟ್ಟಿಯಿಂದ ತಿಳಿಯುವುದು ಹೇಗೆ ಎಂಬುದನ್ನು ಚಿತ್ರಗಳ ಸಮೇತ ಬರೆಯುತ್ತಾರೆ: ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಆದ್ದರಿಂದ 24 ಪಿನ್ ದಾಟಿದರೆ ಸರಿಯಾಗಿ 12 ಇಂಚು ಬರಬೇಕು, 12 ಇಂಚಿನ ಮೇಲೆ ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚು ಬಂದರೆ ಚೈನ್ ಬದಲಿಸುವ ಹೊತ್ತಾಯಿತು, ಎಂಟನೇ ಒಂದು ಭಾಗ ಹೆಚ್ಚಾಗುವವರೆಗೆ ಬಿಟ್ಟರೆ ಹಲ್ಲುಚಕ್ರಗಳೂ ಸವೆದಿರುವ ಸಂಭವವಿದೆ. ಈ ಪುಟಕ್ಕೆ ಒಂದು ಸೈಕಲ್ ಸವಾರರ ಸಂಘ ತನ್ನ ಸದಸ್ಯರಿಗಾಗಿ ಬರೆದ ಸೂಚನೆಗಳ ನಡುವೆ ಕೊಂಡಿ ಹಾಕಿದರೆ, ಅದರ ಪದಗಳು ‘ಅಳತೆಪಟ್ಟಿ ಇಟ್ಟು ನೋಡುವ ವಿಧಾನ ಇಲ್ಲಿದೆ’ ಎಂದಿರಬಹುದು. ಹುಡುಕಾಟದ ಪದಗುಚ್ಛ ಅದರಲ್ಲಿ ಇಲ್ಲವೇ ಇಲ್ಲ. ಆದರೂ ಪರಮಾಣು ವಿಜ್ಞಾನದ ಪುಟದಲ್ಲಿದ್ದ ಅಚ್ಚುಕಟ್ಟಾದ ಕೊಂಡಿಗೆ ಇಲ್ಲದ ಎಲ್ಲವೂ ಇದರಲ್ಲಿದೆ: ವಿಷಯದ ನಂಟು, ಓದುಗರಿರುವ ಪುಟ, ಕೊಟ್ಟವರ ಸ್ವಂತ ವಿವೇಚನೆ.

ಇಂಥ ಕೊಂಡಿ ತಾನಾಗಿ ಬರುವವರೆಗೆ ಕೈಕಟ್ಟಿ ಕೂರಬೇಕೆಂದು ನಾನು ಹೇಳುತ್ತಿಲ್ಲ. ಆ ಸಂಘದ ಸೂಚನೆಗಳಲ್ಲಿ ಇರುವ ಹಳೆಯ ಕೊಂಡಿಯೊಂದು ಮುರಿದಿದ್ದರೆ ಅದನ್ನು ತಿಳಿಸಿ, ಬೇಕಾದರೆ ನನ್ನ ಪುಟವನ್ನು ನೋಡಿ ಎಂದು ಒಂದು ಇಮೇಲ್ ಬರೆಯುವುದರಲ್ಲಿ ತಪ್ಪೇನೂ ಇಲ್ಲ. ಕೊಂಡಿ ಕಟ್ಟುವುದು ಎಂಬ ಕೆಲಸದ ಮರ್ಯಾದಸ್ಥ ರೂಪವೇ ಅದು. ಹಾಕುವುದೂ ಬಿಡುವುದೂ ಅವರ ಇಷ್ಟಕ್ಕೆ ಉಳಿದಿರುವುದರಿಂದ ಅದು ಶಿಫಾರಸಾಗಿಯೇ ಉಳಿಯುತ್ತದೆ. ಇದರ ಜೊತೆಗೆ ತನ್ನದೇ ತಾಣದ ಪುಟಗಳನ್ನು ಒಂದಕ್ಕೊಂದು ಸರಿಯಾಗಿ ಜೋಡಿಸುವುದು, ಸೈಟ್‌ಮ್ಯಾಪ್ (ತಾಣದ ಪುಟಗಳ ಪಟ್ಟಿ) ಸಲ್ಲಿಸುವುದು, ಪುಟಗಳು ಇಂಡೆಕ್ಸ್ ಆಗಿವೆಯೇ, ಅಂದರೆ ಗೂಗಲ್‌ನ ದಾಖಲೆಗೆ ಸೇರಿವೆಯೇ ಎಂದು ನೋಡುವುದು ಮುಂತಾದವು ಯಾರ ಅನುಮತಿಯೂ ಬೇಡದ ಕೆಲಸಗಳು, ಮತ್ತು ಮೊದಲು ಮುಗಿಸಬೇಕಾದ ಕೆಲಸಗಳು.

ಆಮೇಲಿನ ವರ್ಷಗಳು

ಸುಮಾರು 90 ದಿನಗಳ ನಂತರ, 2011ರ ಮೇ ತಿಂಗಳಲ್ಲಿ, ಪೆನ್ನಿಯ ಪುಟಗಳು ಮತ್ತೆ ಮೇಲೆ ಬಂದವು. ಇದನ್ನು ನೋಡಿ ‘ಮೂರು ತಿಂಗಳ ಶಿಕ್ಷೆ ತಾನೇ’ ಎಂದು ಹಗುರವಾಗಿ ತೆಗೆದುಕೊಂಡವರಿದ್ದಾರೆ. ಆದರೆ ಸಹಜ ಹುಡುಕಾಟದಿಂದ ತನ್ನ ತಾಣಕ್ಕೆ ಬರುವ ದಟ್ಟಣೆ 7 ಶೇಕಡಾ ಮಾತ್ರ ಎಂದು ಆ ಕಂಪನಿ ಪತ್ರಿಕೆಗೆ ಹೇಳಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1902ರಿಂದ ವ್ಯಾಪಾರ ಮಾಡಿಕೊಂಡು ಬಂದ ಸಂಸ್ಥೆಯ ವಿಳಾಸ ಗ್ರಾಹಕರಿಗೆ ಗೊತ್ತಿತ್ತು; ಗೂಗಲ್‌ನಲ್ಲಿ ಕಾಣದಿದ್ದರೂ ಅವರು ನೇರವಾಗಿ ಬರುತ್ತಿದ್ದರು. ನಿನ್ನೆ ಮೊನ್ನೆ ಹುಟ್ಟಿದ ತಾಣಕ್ಕೆ ಆ 93 ಶೇಕಡಾ ಇರುವುದಿಲ್ಲ. ಅದರ ಓದುಗರಲ್ಲಿ ಹೆಚ್ಚಿನವರು ಹುಡುಕಾಟದಿಂದಲೇ ಬರುತ್ತಿದ್ದರೆ, ಪೆನ್ನಿಗೆ ಮುಜುಗರವಾಗಿದ್ದ ಮೂರು ತಿಂಗಳು ಅದಕ್ಕೆ ಉಸಿರು ನಿಲ್ಲಿಸುವ ಮೂರು ತಿಂಗಳಾಗುತ್ತವೆ.

ಗೂಗಲ್ ಮುಂದೆ ತನ್ನ ವಿಧಾನವನ್ನೂ ಬದಲಿಸಿತು. 2012ರ ಏಪ್ರಿಲ್ 24ರಂದು ಜಾರಿಗೆ ಬಂದ ಪೆಂಗ್ವಿನ್ ಎಂಬ ಅಲ್ಗಾರಿದಮ್ ಇಂಥ ಕೊಂಡಿಗಳನ್ನು ನೆಚ್ಚಿದ ತಾಣಗಳನ್ನು ಯಂತ್ರದ ಮೂಲಕವೇ ಕೆಳಗಿಳಿಸತೊಡಗಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ತಮಗೆ ಬೇಡವಾದ ಕೊಂಡಿಗಳನ್ನು ಲೆಕ್ಕದಿಂದ ಬಿಡುವಂತೆ ಮಾಲೀಕರೇ ಕೇಳಿಕೊಳ್ಳುವ ಡಿಸ್‌ಅವೋ ಸೌಲಭ್ಯ ಬಂತು. 2016ರ ಸೆಪ್ಟೆಂಬರ್‌ನಲ್ಲಿ ಪೆಂಗ್ವಿನ್ ಮುಖ್ಯ ಅಲ್ಗಾರಿದಮ್‌ನ ಭಾಗವಾದ ಮೇಲೆ, ಕೃತಕ ಕೊಂಡಿಗಳಿಗಾಗಿ ಇಡೀ ತಾಣವನ್ನು ಇಳಿಸುವುದಕ್ಕಿಂತ ಆ ಕೊಂಡಿಗಳಿಗೆ ಬೆಲೆಯನ್ನೇ ಕೊಡದಿರುವ ಕಡೆಗೆ ಒಲವು ಬೆಳೆಯಿತು. ದುಡ್ಡು ಕೊಟ್ಟು ಪಡೆದ ಕೊಂಡಿ ಜಾಹೀರಾತಾಗಿ ಇರಬಾರದೆಂದೇನೂ ಇಲ್ಲ. ಆದರೆ ಅದಕ್ಕೆ ನೋಫಾಲೋ ಎಂಬ ಗುರುತನ್ನೋ, 2019ರಲ್ಲಿ ಬಂದ ಸ್ಪಾನ್ಸರ್ಡ್ ಎಂಬ ಗುರುತನ್ನೋ ಹಾಕಿ, ಇದು ಶಿಫಾರಸಲ್ಲ ಎಂದು ಯಂತ್ರಕ್ಕೆ ತಿಳಿಸಬೇಕು.

ಇದರಿಂದ ಇಂದು ಕೊಂಡಿ ಕೊಳ್ಳುವ ಹೊಸಬರಿಗೆ ಎದುರಾಗುವುದು ಬಹುತೇಕ ಬೇರೆಯದೇ ಬಗೆಯ ನಷ್ಟ. ಎರಡು ಗಂಟೆಗಳಲ್ಲಿ 1ರಿಂದ 71ಕ್ಕೆ ಬೀಳುವಂಥ ಸದ್ದು ಕೇಳಿಸುವುದಿಲ್ಲ. ಕೊಂಡಿಗಳ ಪಟ್ಟಿ ಬೆಳೆಯುತ್ತದೆ, ಸ್ಥಾನ ಇದ್ದಲ್ಲೇ ಇರುತ್ತದೆ, ಇನ್ನಷ್ಟು ಬೇಕು ಎಂದು ಮಾರುವವರು ಹೇಳುತ್ತಾರೆ, ಮಾಲೀಕರು ಮತ್ತೆ ದುಡ್ಡು ಕೊಡುತ್ತಾರೆ. ಈಗಾಗಲೇ ಇಂಥ ಕೊಂಡಿಗಳನ್ನು ಹಾಕಿಸಿಕೊಂಡವರು ಮೊದಲು ಮಾಡಬೇಕಾದದ್ದು ಸರ್ಚ್ ಕನ್ಸೋಲ್‌ನಲ್ಲಿ ಮ್ಯಾನುಯಲ್ ಆಕ್ಷನ್ಸ್ (ಪರಿಶೀಲಕರು ಕೈಗೊಂಡ ಕ್ರಮಗಳು) ಎಂಬ ಪುಟವನ್ನು ತೆರೆದು ನೋಡುವುದು. ಅಲ್ಲಿ ಏನೂ ಇಲ್ಲದಿದ್ದರೆ ಹೊಸದಾಗಿ ಕೊಳ್ಳುವುದನ್ನು ನಿಲ್ಲಿಸಿ, ತೆಗೆಸಲು ಸಾಧ್ಯವಿರುವುದನ್ನು ತೆಗೆಸಿ, ಬರೆಯುವ ಕೆಲಸಕ್ಕೆ ಮರಳಬಹುದು. ಅಲ್ಲಿ ಸೂಚನೆ ಇದ್ದರೆ ಕೊಂಡಿ ಇರುವ ತಾಣದವರನ್ನು ಒಬ್ಬೊಬ್ಬರಾಗಿ ಕೇಳಿ ತೆಗೆಸಬೇಕು, ಉತ್ತರ ಬಾರದ ತಾಣಗಳನ್ನು ಡಿಸ್‌ಅವೋ ಪಟ್ಟಿಗೆ ಸೇರಿಸಬೇಕು, ಆಮೇಲೆ ಏನು ನಡೆಯಿತು, ಏನನ್ನು ತೆಗೆಸಲಾಯಿತು, ಏನು ಉಳಿಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆದು ಮರುಪರಿಶೀಲನೆ ಕೋರಬೇಕು.